ನಿಂಗಣ್ಣ ಒತ್ತಿಟ್ಟ ಸ್ವರ

ರಂಗಂಪೇಟೆಗೆ ಬಂದ ಮೂರನೆಯ ಸಂಜೆ, ನನ್ನ ಬಾಡಿಗೆ ಕೋಣೆಯ ಗೋಡೆಯಾಚೆ ಯಾರೋ ಉಸಿರೆಳೆದುಕೊಂಡರು. ಎಳೆದ ಉಸಿರು ಒಂದು ಸ್ವರವಾಗಿ ಹೊರಟಿತು. ಹಾಡಲ್ಲ, ರಾಗವಲ್ಲ, ಒಂದೇ ಒಂದು ಸ್ವರ. ಅದು ಅಷ್ಟು ಹೊತ್ತು ನಿಂತು, ದಣಿದು, ಅಡಗಿತು. ಮತ್ತೆ ಉಸಿರು, ಮತ್ತೆ ಅದೇ ಸ್ವರ. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಹುಣಸೆ ಮರಕ್ಕೊಂದು ದೆವ್ವ ಇಟ್ಟುಕೊಂಡಿರುವ ಮಳವಳ್ಳಿ ಕಡೆಯವಳು ನಾನು, ಇಂಥದ್ದಕ್ಕೆಲ್ಲ ಜಗ್ಗುವವಳಲ್ಲ. ಆದರೂ ಆರಿಸಿದ ಕಲ್ಲನ್ನು ಮೊರಕ್ಕೆ ಹಾಕಿ, ಅಕ್ಕಿಯನ್ನು ಬಾಗಿಲಾಚೆ ಎಸೆದಿದ್ದೆ.

ಎದ್ದು ಹೋಗಿ ಇಣುಕಿದೆ. ಮನೆಯೊಡತಿ ಸಾಬವ್ವ ಹಳೆಯದೊಂದು ಹಾರ್ಮೋನಿಯಂ ಮುಂದೆ ಕೂತಿದ್ದಳು. ಎಡಗೈ ಹಿಂದಿನ ತಿದಿ ಒತ್ತುತ್ತಿತ್ತು. ಬಲಗೈ ಮಡಿಲಲ್ಲಿತ್ತು. ಕೀಗಳನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದು ನುಡಿಯುತ್ತಿತ್ತು. ಪೆಟ್ಟಿಗೆಗೆ ಕುಂಕುಮ ಹಚ್ಚಿತ್ತು, ಊದಿನಕಡ್ಡಿ ಉರಿಯುತ್ತಿತ್ತು. ಐದಾರು ಸಲ ಗಾಳಿ ಹಾಕಿದ ಮೇಲೆ ಅವಳು ಮುಚ್ಚಳ ಮುಚ್ಚಿ, ಹಸಿರು ಬಟ್ಟೆ ಹೊದಿಸಿ, ತಿರುಗಿ ನನ್ನನ್ನು ನೋಡಿದಳು.

"ಅಮಾಸಿ ಅದರೀ ಬಾಯಾರ. ಚಾ ಇಡ್ಲೇನು?"

ಬಾಯಾರ ಎಂದರೆ ನಮ್ಮ ಕಡೆಯ ಅಮ್ಮಾವ್ರೇ. ಆ ಪೆಟ್ಟಿಗೆಗೆ ಇಲ್ಲಿ ಪೇಟಿ ಎನ್ನುತ್ತಾರೆ. ಪ್ರತಿ ಅಮಾವಾಸ್ಯೆಯ ಸಂಜೆ ಅವಳು ಪೇಟಿಗೆ ಹೀಗೆ ಉಸಿರು ಹಾಕುತ್ತಾಳೆ ಎಂದು ಚಹಾ ಕುಡಿಯುವಾಗ ತಿಳಿಯಿತು. ಯಾಕೆ ಎಂದು ಕೇಳಿದ್ದಕ್ಕೆ ಇನ್ನೊಂದು ಬಸಿ ಚಹಾ ಬಂತು.

ನಾನು ಇಲ್ಲಿಗೆ ಬಂದದ್ದು ಹೇಗೆಂದು ಹೇಳುತ್ತೇನೆ. ನನ್ನ ಯಜಮಾನರು ಮಂಡ್ಯದ ನೀರಾವರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಒಂದು ಮಧ್ಯಾಹ್ನ ಕೂತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ತಿಥಿ ಮುಗಿಯುವ ಮೊದಲೇ ಮೈದುನ ಅರ್ಜಿ ತಂದು ಸಹಿ ಹಾಕಿಸಿದ. ಅನುಕಂಪದ ನೌಕರಿ ಎನ್ನುತ್ತಾರಲ್ಲ, ಅದು. ಗಂಡ ಸತ್ತದ್ದಕ್ಕೆ ಗಂಡನ ಕೆಲಸ. ಟೈಪಿಂಗ್ ನನಗೆ ಮದುವೆಗೆ ಮುಂಚೆಯೇ ಬರುತ್ತಿತ್ತು. ಆದರೆ ಮಂಡ್ಯದಲ್ಲಿ ಜಾಗ ಇಲ್ಲ, ಸುರಪುರದ ಕಾಲುವೆ ಕಚೇರಿಯಲ್ಲಿದೆ ಎಂದರು. ಅತ್ತೆ ನನ್ನ ಕೈ ಹಿಡಿದುಕೊಂಡು, "ಅದೆಲ್ಲವ್ವಾ ಸುರಪುರ? ದೇವಲೋಕದಲ್ಲಾ?" ಎಂದು ಅತ್ತರು. ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಟ್ರಂಕು, ಒಂದು ಚೀಲ ರಾಗಿ ಹಿಟ್ಟು ಹೊತ್ತುಕೊಂಡು ಬಂದು ಇಳಿದಾಗ, ಇದು ದೇವಲೋಕವಂತೂ ಅಲ್ಲ ಎಂದು ಕಾಲಿಗೆ ಮೊದಲು ತಿಳಿಯಿತು. ಬಂಡೆ ಕಾದು ಚಪ್ಪಲಿಯೊಳಗೆ ಸುಡುತ್ತಿತ್ತು.

ಒಬ್ಬಂಟಿ ಹೆಂಗಸಿಗೆ ಮನೆ ಸಿಗುವುದು ಅಲ್ಲೂ ಕಷ್ಟ, ಇಲ್ಲೂ ಕಷ್ಟ. ನಮ್ಮ ಕಡೆ ಸುತ್ತಿ ಬಳಸಿ ಇಲ್ಲ ಎನ್ನುತ್ತಾರೆ, ಇಲ್ಲಿ ಮುಖದ ಮೇಲೆ ಹೇಳುತ್ತಾರೆ. ನಾರಾಯಣಪುರದಲ್ಲಿ ಡ್ಯಾಮಿನವರ ಕ್ವಾರ್ಟರ್ಸ್ ಇದ್ದವು, ಅಲ್ಲಿಂದ ದಿನಾ ಓಡಾಡುವುದು ಆಗದ ಮಾತು. ನಾಲ್ಕು ಮನೆ ತಿರುಗಿ ರಂಗಂಪೇಟೆಯಲ್ಲಿ ಸಾಬವ್ವನ ಬಾಗಿಲಿಗೆ ಬಂದೆ.

"ಮನ್ಯಾಗ ಯಾರ್ಯಾರ ಇದ್ದೀರಿ?"

"ನಾನೊಬ್ಬಳೇ."

"ನಿಮ್ಮ ಮನ್ಯಾವ್ರು?"

"ಇಲ್ಲ."

"ನಮ್ಮವ್ರೂ ಇಲ್ರಿ. ಬರ್ರಿ ಒಳಗ."

ಇವಳೂ ನನ್ನ ಹಾಗೇ ಎಂದುಕೊಂಡು ಒಳಗೆ ಹೋದೆ. ಬೆಳಕಿನಲ್ಲಿ ನೋಡಿದರೆ ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಗಲ ಕುಂಕುಮ. ನನ್ನ ಬೋಳು ಹಣೆಯನ್ನು ಅವಳು ನೋಡಿದಳು, ಅವಳ ಬಳೆಯನ್ನು ನಾನು ನೋಡಿದೆ. ಇಬ್ಬರೂ ಏನೂ ಕೇಳಲಿಲ್ಲ. ಕೇಳದಿದ್ದರೂ ಹೇಳುವವರು ಓಣಿ ತುಂಬ ಇದ್ದರು. ವಾರದೊಳಗೆ ನೀರಿನ ನಲ್ಲಿ ಹತ್ತಿರ ನನಗೆ ಎಲ್ಲ ತಿಳಿಯಿತು.

ಅವಳ ಗಂಡ ನಿಂಗಣ್ಣ ಕುರಿ ಸಾಕಿದವನು. ಒಳ್ಳೆಯ ಪೇಟಿ ಬಾರಿಸುತ್ತಿದ್ದವನು, ಯಾರ ಮನೆಯಲ್ಲಿ ಭಜನೆಯಿದ್ದರೂ ಅವನು ಬೇಕು. ಎಂಟು ವರ್ಷದ ಹಿಂದೆ, ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ, ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಲು ಕಾಲುವೆಗೆ ಹೋಗಿದ್ದ. ಒಂದು ಕುರಿ ಜಾರಿತು, ಅದರ ಹಿಂದೆ ಇವನೂ ಇಳಿದ. ಕುರಿ ಮೂರು ಮೈಲಿಯಾಚೆ ಸಿಕ್ಕಿತು. ಅವನು ಸಿಗಲೇ ಇಲ್ಲ.

ನಮ್ಮ ಕಡೆಯ ಓದುಗರಿಗೆ ಇದು ವಿಚಿತ್ರ ಎನಿಸಬಹುದು. ನಮಗೆ ನಾಲೆ ಎಂದರೆ ಮನೆಯ ಹಿತ್ತಿಲು. ಸೋರೆ ಬುರುಡೆ ಕಟ್ಟಿಕೊಂಡು ಅಲ್ಲೇ ಈಜು ಕಲಿತವರು ನಾವು. ಇಲ್ಲಿಯವರಿಗೆ ಹರಿಯುವ ನೀರು ಅಂದರೆ ಮಳೆಗಾಲದ ಹಳ್ಳ. ಹಳ್ಳ ಬಂದರೆ ದಡದಲ್ಲಿ ಕೂತು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಇಳಿದುಹೋಗುತ್ತದೆ. ಕಾಲುವೆ ಹಾಗಲ್ಲ. ಮೇಲೆ ಸುಮ್ಮನೆ ಮಲಗಿದಂತೆ ಕಾಣುತ್ತದೆ, ಒಳಗೆ ಎಳೆಯುತ್ತದೆ. ಇಳಿಜಾರಿಗೆ ಸಿಮೆಂಟು ಮೆತ್ತಿ ನುಣ್ಣಗೆ ಮಾಡಿದ್ದಾರೆ, ಅದರ ಮೇಲೆ ಪಾಚಿ. ಆ ಮೊದಲ ವರ್ಷ ಎಷ್ಟೋ ಜನ ಹಳ್ಳಕ್ಕಿಳಿದಂತೆ ಕಾಲುವೆಗೆ ಇಳಿದರು. ನಾನು ಟೈಪು ಮಾಡುವ ಕಾಗದಗಳಲ್ಲಿ ಕಾಲುವೆಯ ಉದ್ದ, ಅಗಲ, ಆಳ ಎಲ್ಲ ಇರುತ್ತದೆ. ನಿಂಗಣ್ಣನ ವಿಷಯ ಕೇಳಿದ ಮೇಲೆ ಆಳ ಎಂದು ಟೈಪು ಮಾಡುವಾಗ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು.

ಶವ ಸಿಗಲಿಲ್ಲ, ಆದ್ದರಿಂದ ಮಣ್ಣು ಮಾಡಲಿಲ್ಲ, ದಿನ ಮಾಡಲಿಲ್ಲ, ಬಳೆ ಒಡೆಯಲಿಲ್ಲ. "ಆಕಿನ ಕೇಳಿದ್ರ ಇನ್ನಾ ಇದ್ದಾರಂತಾಳ್ರಿ," ಎಂದು ನಲ್ಲಿಯ ಹತ್ತಿರದವರು ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದರು. ನನಗೆ ಮೈಯುರಿಯಿತು. ನಿಜ ಹೇಳಬೇಕೆಂದರೆ ಹೊಟ್ಟೆಯೂ ಉರಿಯಿತು. ನನಗೆ ಕಣ್ಣಾರೆ ಹೆಣ ತೋರಿಸಿ, ಬಳೆ ತೆಗೆಸಿ, ಕಾಗದಕ್ಕೆ ಸಹಿ ಹಾಕಿಸಿದ್ದರು. ಇದ್ದಾರೇನೋ ಎಂದುಕೊಳ್ಳಲು ಒಂದು ದಿನದ ಅವಕಾಶವೂ ಸಿಕ್ಕಿರಲಿಲ್ಲ.

ಬಂದ ಎರಡನೆಯ ತಿಂಗಳಲ್ಲಿ ನಾನು ಪೇಟಿ ಕಲಿಯಲು ಶುರುಮಾಡಿದೆ. ಐತ್ವಾರ, ಅಂದರೆ ಭಾನುವಾರ, ಸುರಪುರದ ಪ್ಯಾಟಿಯಲ್ಲಿ ಹುಣಸೆಹಣ್ಣು ಕೊಳ್ಳುತ್ತಿದ್ದಾಗ ಒಂದು ಗಡಿಯಾರ ರಿಪೇರಿ ಅಂಗಡಿಯಿಂದ ಪೇಟಿಯ ಸದ್ದು ಬಂತು. ಖಾಜಾಸಾಬ ಮಾಸ್ತರು ಎಂಬ ಅರವತ್ತರ ಮೇಲಿನ ಮನುಷ್ಯ, ಹಿಂದೆ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿದವರು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ನಾನು ಒಳಗೆ ಹೋಗಿ ನಿಂತೆ.

"ಕಲಿಸ್ತೀರಾ?"

"ಯಾರಿಗಿ? ಮಕ್ಕಳಿಗೇನ್ರಿ?"

"ನನಗೇ."

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಈ ಬೆರಳು ಏನ್ ಕೆಲಸ ಮಾಡ್ತಾವ?"

"ಟೈಪು."

"ಯಾ ಅಲ್ಲಾ," ಎಂದು ನಕ್ಕರು. "ಆತು, ಬರ್ರಿ. ಕೂಡ್ರಿ."

ಯಾಕೆ ಕಲಿಯಬೇಕೆನಿಸಿತು ಎಂದು ಆಮೇಲೆ ಎಷ್ಟೋ ಜನ ಕೇಳಿದರು. ದಿನವಿಡೀ ನನ್ನ ಬೆರಳುಗಳು ಸತ್ತವರೊಬ್ಬರು ಮಾಡಬೇಕಾಗಿದ್ದ ಕೆಲಸವನ್ನು ಮಾಡುತ್ತಿದ್ದವು. ಅವಕ್ಕೆ ನನ್ನದೇ ಆದ ಒಂದು ಕೆಲಸ ಕೊಡಬೇಕೆನಿಸಿತು, ಅಷ್ಟೇ. ಸಿನಿಮಾದಲ್ಲಿ ಶ್ರೀಮಂತರ ಮನೆಯ ಪಿಯಾನೊ ನೋಡಿದಾಗೆಲ್ಲ ಅದರ ಕರಿ ಬಿಳಿ ಹಲ್ಲುಗಳ ಮೇಲೆ ಕೈಯಾಡಿಸಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇತ್ತು. ಪೇಟಿಗೂ ಹಲ್ಲು ಅವೇ. ಪಿಯಾನೊಗೆ ಉಸಿರು ಹಾಕಬೇಕಿಲ್ಲ, ಇದಕ್ಕೆ ಹಾಕಬೇಕು.

ಬೆಳೆದವರು ಕಲಿಯಲು ಕೂತರೆ ಬೆರಳಿಗಿಂತ ಮೊದಲು ಮರ್ಯಾದೆ ನೋಯುತ್ತದೆ. ನಿಮಿಷಕ್ಕೆ ಅಷ್ಟು ಪದ ಹೊಡೆಯುವವಳು ನಾನು, ಸರಿಗಮಪ ಹೊಡೆಯಲಾರೆನೇ ಎಂದುಕೊಂಡಿದ್ದೆ. ಹೊಡೆದೆ. ಟಪ್ ಟಪ್ ಟಪ್. ಕೀ ಮುಟ್ಟಿದ ತಕ್ಷಣ ಬೆರಳು ಎಗರುತ್ತಿತ್ತು, ಸ್ವರ ಹುಟ್ಟುವ ಮೊದಲೇ ಸಾಯುತ್ತಿತ್ತು. ಅದಕ್ಕಿಂತ ದೊಡ್ಡ ಅನಾಹುತ ಎಡಗೈಯದು. ಟೈಪು ಮಾಡುವಾಗ ಸಾಲು ಮುಗಿದರೆ ಎಡಗೈ ತಾನಾಗಿ ಹೋಗಿ ಕಾಗದ ಸುತ್ತಿದ ಗಾಡಿಯನ್ನು ಹೊಸ ಸಾಲಿಗೆ ತಳ್ಳುತ್ತದೆ. ಇಲ್ಲೂ ಸ್ವರಗಳ ಒಂದು ಸುತ್ತು ಮುಗಿದ ಕೂಡಲೇ ನನ್ನ ಎಡಗೈ ತಿದಿಯನ್ನು ಧಡಾರನೆ ತಳ್ಳಿಬಿಡುತ್ತಿತ್ತು. ಪೇಟಿ ಬೆದರಿದ ಎಮ್ಮೆಯ ಹಾಗೆ ಕಿರುಚುತ್ತಿತ್ತು.

"ಅರೆ ಬಾಯಿ, ಪೇಟಿಗಿ ಅರ್ಜಿ ಬರ್ಯಾಕತ್ತೀರೇನು?" ಎಂದು ಮಾಸ್ತರು ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಜರಾ ಆಹಿಸ್ತಾ. ಹೊಡೀಬ್ಯಾಡ್ರಿ, ಒತ್ರಿ. ಒತ್ತಿ ಅಲ್ಲೇ ಇರ್ರಿ. ಮುಂದಿನ ಸ್ವರ ಹುಟ್ಟೂತನಕ ಹಿಂದಿನ ಸ್ವರದ ಕೈ ಬಿಡಬಾರದು."

ಎರಡು ತಿಂಗಳಿಗೆ ಸರಿಗಮ ಹತ್ತಿ ಇಳಿಯಲು ಬಂತು. ಅದೇ ವಾರ ಜೋಳದ ರೊಟ್ಟಿ ಮೊದಲ ಸಲ ಹರಿಯದೆ ಹೆಂಚಿಗೆ ಬಿತ್ತು. ಎರಡರಲ್ಲಿ ಯಾವುದು ದೊಡ್ಡ ಗೆಲುವೋ ಹೇಳಲಾರೆ. ಸಾಬವ್ವ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಮಂದ ಆಗ್ಯದ. ಆದ್ರ ರೊಟ್ಟಿ ಅನ್ನಬಹುದು," ಎಂದಳು. ಇಲ್ಲಿಯವರು ಹೊಗಳುವುದು ಹೀಗೆ.

ಮನೆಯಲ್ಲಿ ಅಭ್ಯಾಸ ಮಾಡಲು ಪೇಟಿ ಬೇಕಿತ್ತು. ಗೋಡೆಯಾಚೆಯೇ ಒಂದು ಸುಮ್ಮನೆ ಕೂತಿತ್ತು. ಕೇಳಿದೆ. ಸಾಬವ್ವ ಒಲ್ಲೆ ಎಂದಳು. ಮತ್ತೊಮ್ಮೆ ಕೇಳಿದೆ, ಮತ್ತೂ ಒಲ್ಲೆ. ಚೈತ್ರದಲ್ಲಿ ನನಗೆ ಜ್ವರ ಬಂದು ಎಂಟು ದಿನ ಮಲಗಿದೆ. ಅವಳು ಗಂಜಿ ಕುಡಿಸಿದಳು, ನೆತ್ತಿಗೆ ಹರಳೆಣ್ಣೆ ಹಚ್ಚಿದಳು. ಜ್ವರದ ಬಾಯಲ್ಲಿ ನಾನು ಯಜಮಾನರ ಜೊತೆ ಮಾತಾಡುತ್ತಿದ್ದೆನಂತೆ. ಏನು ಮಾತಾಡಿದೆ ಎಂದು ಅವಳು ಹೇಳಲಿಲ್ಲ. ಒಂಬತ್ತನೆಯ ದಿನ ಪೇಟಿಯನ್ನು ಹೊತ್ತು ತಂದು ನನ್ನ ಚಾಪೆಯ ಪಕ್ಕ ಇಟ್ಟಳು.

"ಬಾರಸ್ರಿ. ಆದ್ರ ಆ ಕರಿ ಮನಿ ಮುಟ್ಟಬ್ಯಾಡ್ರಿ."

ಕೀಗೆ ಇಲ್ಲಿ ಮನಿ ಎನ್ನುತ್ತಾರೆ. ನಡುವಿನ ಒಂದು ಕರಿ ಕೀ ಕೆಳಗೆ ಕೂತೇ ಇತ್ತು, ಮೇಲೆ ಏಳುತ್ತಿರಲಿಲ್ಲ. ತಿದಿ ಒತ್ತಿದರೆ ಅದೊಂದು ತಾನಾಗಿ ನುಡಿಯುತ್ತಿತ್ತು. ಅಮಾವಾಸ್ಯೆಯ ಗುಟ್ಟು ಇಷ್ಟೇ ಎಂದು ನನಗೆ ಸಮಾಧಾನವಾಯಿತು. ಸೀಮೆಯಲ್ಲಿಲ್ಲದ ದೆವ್ವ ಅಂದುಕೊಂಡಿದ್ದು ಕೆಟ್ಟುಹೋದ ಒಂದು ಕೀ. ಮುಟ್ಟಿದರೆ ಇನ್ನೂ ಕೆಡುತ್ತದೆಂದು ಹೇಳಿರಬೇಕು ಎಂದುಕೊಂಡೆ.

ಮಾಸ್ತರು ಕಲಿಸುತ್ತಿದ್ದುದೂ ಅದೇ ಸ್ವರವನ್ನು ಷಡ್ಜವಾಗಿ ಹಿಡಿದು. ಹಾಗಾಗಿ ನನ್ನ ಅಭ್ಯಾಸಕ್ಕೆಲ್ಲ ಆ ಸಿಕ್ಕಿಕೊಂಡ ಸ್ವರವೇ ಶ್ರುತಿಯಾಯಿತು. ನಾನು ಎಲ್ಲಿ ಅಲೆದು ಎಲ್ಲಿ ದಾರಿ ತಪ್ಪಿದರೂ ಕೆಳಗೆ ಅದು ನಿಂತೇ ಇರುತ್ತಿತ್ತು. ಪ್ರತಿ ಸಲವೂ ಶುರುವಾಗುವ ಮೊದಲು ಅದು ಚೂರು ಕೆಮ್ಮಿದಂತೆ ಮಾಡುತ್ತಿತ್ತು. ದಿನ ಕಳೆದಂತೆ ನನಗೆ ಎದುರಿಗೆ ಯಾರೋ ಕೂತು ಒಂದು ಬೆರಳು ಆನಿಸಿಕೊಂಡು ನನ್ನ ತಪ್ಪು ಎಣಿಸುತ್ತಿದ್ದಾರೆ ಎನಿಸತೊಡಗಿತು. ಹೆದರಿಕೆಯಾಗಲಿಲ್ಲ. ಹಿತವಾಗಿತ್ತು. ಒಂದೆರಡು ಸಲ, "ತಾಳಿ, ಇನ್ನೊಂದ್ಸಲ ನೋಡ್ತೀನಿ," ಎಂದು ಬಾಯಿಬಿಟ್ಟು ಹೇಳಿದ್ದೂ ಉಂಟು. ಅದು ಸಾಬವ್ವನ ಗಂಡನಿಗೆ ಹೇಳಿದ್ದೋ ನನ್ನವರಿಗೆ ಹೇಳಿದ್ದೋ ನನಗೇ ಸರಿಯಾಗಿ ಗೊತ್ತಿಲ್ಲ. ಆಚೆ ರೊಟ್ಟಿ ಬಡಿಯುತ್ತಾ ಸಾಬವ್ವ ಒಮ್ಮೊಮ್ಮೆ ಕೂಗುತ್ತಿದ್ದಳು: "ಹಂಗಲ್ರಿ ಬಾಯಾರ, ಅವರು ಅಲ್ಲಿ ಜರಾ ತಡೀತಿದ್ರು."

ಶ್ರಾವಣದಲ್ಲಿ ಮಾಸ್ತರು ಒಂದು ಭಜನೆಯ ಪದ ಹೇಳಿಕೊಟ್ಟರು. ದೊಡ್ಡ ಮೆಟ್ಟಿಲು ಹತ್ತಿಸಿದಂತೆ ನನಗೆ ಹಿಗ್ಗು. ಆದರೆ ಅದನ್ನು ಬೇರೆ ಷಡ್ಜದಿಂದ ಹಿಡಿಯಬೇಕಿತ್ತು. ಮನೆಗೆ ಬಂದು ಕೂತರೆ, ಸಿಕ್ಕಿಕೊಂಡ ಆ ಸ್ವರ ಹೊಸ ಪದಕ್ಕೆ ಒಗ್ಗುತ್ತಿಲ್ಲ. ಇಬ್ಬರು ವಾರಗಿತ್ತಿಯರು ಒಂದೇ ಒಲೆಯ ಮುಂದೆ ಕೂತ ಹಾಗೆ ಕಚ್ಚಾಡುತ್ತಿತ್ತು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಬುಧವಾರ, ಕಚೇರಿಗೆ ರಜೆ. ಸಾಬವ್ವ ಹತ್ತಿಕುಣಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು.

ಕಚೇರಿಯ ಟೈಪ್‌ರೈಟರಿನಲ್ಲಿ ಅಕ್ಷರ ಸಿಕ್ಕಿಕೊಂಡರೆ ನಾನು ಯಾರನ್ನೂ ಕರೆಯುವುದಿಲ್ಲ. ತಲೆಯಿಂದ ಹೇರ್‌ಪಿನ್ ತೆಗೆದು ನಾನೇ ಬಿಡಿಸುತ್ತೇನೆ. ಸಿಕ್ಕಿಕೊಂಡ ಕೀ ಕಂಡರೆ ಟೈಪಿಸ್ಟ್ ಕೈ ಸುಮ್ಮನಿರುವುದಿಲ್ಲ. ಮುಟ್ಟಬೇಡಿ ಎಂದಿದ್ದಳು, ನೆನಪಿತ್ತು. ಸರಿ ಮಾಡಿಟ್ಟರೆ ಬಂದು ನೋಡಿ ಖುಷಿಪಡುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಪಿನ್ನು ತೂರಿಸಿದೆ. ಎರಡು ಕೀಗಳ ನಡುವೆ ಏನೋ ಮೆತ್ತಗಿತ್ತು. ಎಳೆದರೆ ಬೆರಳ ತುದಿಯಷ್ಟು ಕರಿ ಉಣ್ಣೆ ಬಂತು, ಕಂಬಳಿಯದು. ಊಫ್ ಎಂದು ಊದಿದೆ. ಕೀ ಟಕ್ಕೆಂದು ಮೇಲೆದ್ದಿತು. ನೆಲ ಗುಡಿಸಿ, ಹೊಸ ಪದವನ್ನು ಎಂಟು ಸಲ ಬಾರಿಸಿದೆ. ಅಷ್ಟು ಸಂತೋಷ ನನಗೆ ಮಂಡ್ಯ ಬಿಟ್ಟ ಮೇಲೆ ಆಗಿರಲಿಲ್ಲ.

ಸಂತೋಷ ತಡೆಯಲಾರದೆ ಸಂಜೆ ಮಾಸ್ತರ ಅಂಗಡಿಗೆ ಹೋಗಿ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಕೆಳಗಿಟ್ಟರು.

"ಎಬ್ಬಿಸಿದ್ರೇನು?"

"ಹೂಂ. ಒಂದೇ ನಿಮಿಷ."

ಬಿಚ್ಚಿಟ್ಟಿದ್ದ ಗಡಿಯಾರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. ಆ ದಿನ ಬೆಳಿಗ್ಗೆ ನಿಂಗಣ್ಣ ಕಂಬಳಿ ಹೊದ್ದು ಪೇಟಿ ಬಾರಿಸುತ್ತಾ ಕೂತಿದ್ದ. ಕುರಿ ಹೊಡೆದುಕೊಂಡು ಹೊರಟವರು ಹೊರಗಿನಿಂದ ಕೂಗಿದರು. ಪದ ಅರ್ಧಕ್ಕೆ ಬಿಟ್ಟು ಎದ್ದುಹೋದ. ಕೊನೆಗೆ ಅವನು ಒತ್ತಿದ ಕೀ ಒತ್ತಿದ ಹಾಗೇ ಉಳಿಯಿತು.

"ನಾನು ಆ ವರ್ಷನ ರಿಪೇರಿ ಮಾಡಾಕ ಹೋಗಿದ್ದೆ. ನನ್ನ ಕೈ ಹಿಡದಳು. ಮಾಸ್ತರ, ಅದು ಅವರ ಬೆರಳು, ಎತ್ತಬ್ಯಾಡ್ರಿ ಅಂದಳು. ಮನಿ ಮ್ಯಾಲ ಏಳೂತನಕ ಅವರು ಬಾರಸಾಕತ್ತಾರ ಅಂದಳು. ಊರಾಗ ಎಲ್ಲಾರಿಗೂ ಗೊತ್ತದ. ನಿಮಗ ಯಾರೂ ಹೇಳಲಿಲ್ಲೇನು ಬೇಟಿ?"

ಮನೆಗೆ ಹೇಗೆ ನಡೆದುಬಂದೆ ನೆನಪಿಲ್ಲ. ಕಸದ ಗುಂಡಿಯಲ್ಲಿ ಆ ಉಣ್ಣೆಯನ್ನು ಹುಡುಕಿದೆ, ಮಂಡಿಯೂರಿ, ಎರಡೂ ಕೈಯಲ್ಲಿ. ಗಾಳಿ ಎಲ್ಲಿಗೋ ಒಯ್ದಿತ್ತು. ಕೊನೆಗೆ ಕಚೇರಿಯ ಒಂದು ಕಾಗದವನ್ನು ಮಡಿಸಿ ಮಡಿಸಿ ಕೀ ಪಕ್ಕ ತುರುಕಿದೆ. ತಿದಿ ಒತ್ತಿದರೆ ಸ್ವರ ಬಂತು. ಬಾಯಿ ಮುಚ್ಚಿಕೊಂಡಿರುವುದು ಎಂದು ತೀರ್ಮಾನಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೇಡಿಯಾಗಿ ನಾನೆಂದೂ ನಡೆದುಕೊಂಡಿರಲಿಲ್ಲ.

ಶುಕ್ರವಾರ ಸಾಬವ್ವ ಬಂದಳು. ಶನಿವಾರ ಅಮಾವಾಸ್ಯೆ. ಸಂಜೆ ಕುಂಕುಮ ಹಚ್ಚಿ, ಊದಿನಕಡ್ಡಿ ಹಚ್ಚಿ, ಒಂದು ಸಲ ಉಸಿರು ಹಾಕಿದಳು. ಸ್ವರ ಬಂತು. ಅವಳ ಕೈ ನಿಂತಿತು. ಇನ್ನೊಂದು ಸಲ ಹಾಕಲಿಲ್ಲ.

"ಕೆಮ್ಮಲಿಲ್ಲ," ಎಂದಳು.

ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅವಳು ಬಗ್ಗಿ, ಕೀ ಪಕ್ಕದಿಂದ ಕಾಗದವನ್ನು ಉಗುರಿನಿಂದ ಎಳೆದು, ಬಿಡಿಸಿ, ನನ್ನ ಕಡೆ ಹಿಡಿದಳು. ಅವಳಿಗೆ ಓದಲು ಬಾರದು. ಆದರೆ ಆ ಮನೆಯಲ್ಲಿ ಟೈಪು ಹೊಡೆದ ಕಾಗದ ಇನ್ನಾರದು? ನಾನು ಎಲ್ಲ ಹೇಳಿದೆ, ಪಿನ್ನು, ಉಣ್ಣೆ, ಎಲ್ಲ. ಬೈಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

"ಯಾವತ್ತು ಎದ್ದಿತ್ರಿ?"

"ಬುಧವಾರ."

"ಎಷ್ಟೊತ್ತಿಗಿ?"

"ಮೂರು ಗಂಟೆ ಇರಬೇಕು."

"ಹಂಗಂದ್ರ ಬುಧವಾರ ಮೂರು ಗಂಟಿಗಿ ಹೋದ್ರು."

"ಅಕ್ಕಾ, ಅವರು ಎಂಟು ವರ್ಷದ ಹಿಂದೇನೇ..." ಎಂದು ನಾನು ಶುರುಮಾಡಿದೆ.

"ನನಗ ಗೊತ್ತಿಲ್ಲೇನು?" ಅವಳು ಮೊದಲ ಸಲ ದನಿಯೇರಿಸಿದಳು. "ಎಂಟು ವರ್ಷದಿಂದ ಗೊತ್ತದ. ಗೊತ್ತಿದ್ದದ್ದು ಬ್ಯಾರೆ, ಬೆರಳು ಎದ್ದದ್ದು ಬ್ಯಾರೆ."

ಆಮೇಲೆ ಗೋಡೆಗೆ ಕೈ ಬಡಿದು ಬಳೆ ಒಡೆದುಕೊಂಡಳು. ಆ ಸದ್ದಿಗೆ ಓಣಿಯ ಹೆಂಗಸರು ಓಡಿಬಂದರು. ತಲೆಯ ಪಕ್ಕ ಬೆರಳು ತಿರುಗಿಸಿದ್ದವರೇ ಅವಳನ್ನು ತಬ್ಬಿಕೊಂಡು, ಎಂಟು ವರ್ಷ ಹಳೆಯ ಸಾವಿಗೆ ನಿನ್ನೆ ಸತ್ತವನಿಗೆ ಅಳುವಂತೆ ಹಾಡಿಕೊಂಡು ಅತ್ತರು. ನಾನು ಮೂಲೆಯಲ್ಲಿ ನಿಂತಿದ್ದೆ. ಎಂದೂ ನೋಡದ ಒಬ್ಬ ಮನುಷ್ಯನನ್ನು ಹೇರ್‌ಪಿನ್ನಿನಿಂದ ಕೊಂದವಳು ನಾನು. ಕೋಣೆಗೆ ಬಂದು ಟ್ರಂಕಿಗೆ ಬಟ್ಟೆ ತುಂಬಿದೆ.

ಬೆಳಿಗ್ಗೆ ಸಾಬವ್ವನ ಮಗಳು ಹತ್ತಿಕುಣಿಯಿಂದ ಬಂದಳು, ಭಜನೆಯವರು ಬಂದರು, ಮಾಸ್ತರೂ ಬಂದರು. ಕಾಲುವೆಯ ದಂಡೆಯಲ್ಲಿ ಉಳಿದಿದ್ದ ನಿಂಗಣ್ಣನ ಕಂಬಳಿ ಮತ್ತು ಕೋಲನ್ನು ಚಾಪೆಯಲ್ಲಿ ಸುತ್ತಿ, ಹೆಣಕ್ಕೆ ಕಟ್ಟುವಂತೆ ಹೂವಿನ ಸರ ಕಟ್ಟಿದರು. ಹೊಲದಲ್ಲಿ ಅದಕ್ಕೆ ಮಣ್ಣು ಕೊಡುವುದು ಎಂದಾಯಿತು. ಮಾಸ್ತರು ಪೇಟಿಗೆ ಕೈ ಹಾಕಿದಾಗ ಸಾಬವ್ವ ತಡೆದಳು.

"ಈಕಿ ಬಾರಸ್ಲಿ."

ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡರು. "ಹೆಣ್ಮಗಳು ಹೆಣದ ಮುಂದ ಪೇಟಿ ಹಿಡಿಯೋದು ನಮ್ಮಲ್ಲಿಲ್ಲ ತಂಗಿ. ಅದೂ ಪರಊರಾಕಿ."

"ಆಕಿನ ಎಬ್ಬಿಸ್ಯಾಳ. ಆಕಿನ ಕಳಸ್ಲಿ."

ಹಿರಿಯರು ಪಕ್ಕಕ್ಕೆ ಸರಿದರು. ಮಾಸ್ತರು ಪೇಟಿಯನ್ನು ಬಟ್ಟೆ ಕಟ್ಟಿ ಕೊರಳಿಗೆ ತೂಗಿಕೊಂಡರು, ತಿದಿಯನ್ನು ಅವರೇ ಒತ್ತಿದರು. ನಾನು ಪಕ್ಕದಲ್ಲಿ ಓರೆಯಾಗಿ ನಡೆಯುತ್ತಾ ಕೀ ಒತ್ತಿದೆ. ನನಗೆ ಬರುತ್ತಿದ್ದುದು ಅದೊಂದೇ ಪದ. ದಾರಿಯುದ್ದಕ್ಕೂ ಅದನ್ನೇ ಬಾರಿಸಿದೆ, ಭಜನೆಯವರು ಅದನ್ನೇ ಹಾಡಿದರು. ತಪ್ಪಿದಾಗ ಅವರ ದನಿ ನನ್ನನ್ನು ಎತ್ತಿಕೊಂಡು ಹೋಯಿತು. ಹೊಲದ ಬದುವಿನಾಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಕಂಬಳಿಯ ಮೇಲೆ ಮೊದಲ ಹಿಡಿ ಮಣ್ಣು ಬಿದ್ದಾಗ ನನಗೆ ಅಳು ಬಂತು. ಮಳವಳ್ಳಿಯಲ್ಲಿ ನನ್ನ ಯಜಮಾನರನ್ನು ಹೊತ್ತು ಹೊರಟಾಗ ಹೆಂಗಸರು ನನ್ನನ್ನು ಒಳಮನೆಯಲ್ಲಿ ಅದುಮಿ ಹಿಡಿದಿದ್ದರು. ಅವರಿಗೆ ಮಣ್ಣು ಬಿದ್ದದ್ದನ್ನು ನಾನು ನೋಡಲಿಲ್ಲ. ಈಗ ನೋಡಿದೆ ಎನಿಸಿತು. ಅಳುತ್ತಲೇ ಬಾರಿಸಿದೆ, ಬೆರಳು ಎತ್ತಲಿಲ್ಲ.

ಟ್ರಂಕನ್ನು ಬಿಚ್ಚು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸಾಬವ್ವ ಹದಿನೈದು ದಿನ ನನ್ನೊಡನೆ ಮಾತು ಬಿಟ್ಟಳು. ರೊಟ್ಟಿ ಮಾತ್ರ ದಿನಾ ತಟ್ಟೆಗೆ ಬೀಳುತ್ತಿತ್ತು. ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಅತ್ತೆಯ ಕಾಗದ ಬಂತು. ಮೈದುನನ ಮಗಳ ಕೈಲಿ ಬರೆಸಿದ್ದರು. ಮಹಾಲಯ ಅಮಾವಾಸ್ಯೆಗೆ ಬಾರವ್ವ, ಅವನಿಗೆ ಎಡೆ ಇಡಬೇಕು, ನೀನಿಲ್ಲದಿದ್ದರೆ ಅವನು ಮನೆಯ ಮುಂದೆ ನಿಂತು ಹಿಂದಕ್ಕೆ ಹೋಗುತ್ತಾನೆ, ಎಂದಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮಲ್ಲಿ ಆ ದಿನ ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಬಡಿಸಿಟ್ಟು ಕಾಗೆಗೆ ಕಾಯುತ್ತೇವೆ. ಕಾಗೆ ಮುಟ್ಟಿದರೆ ಅವರು ಬಂದರು ಎಂದು ಲೆಕ್ಕ. ಇಲ್ಲೂ ಹಾಗೇ ಮಾಡುತ್ತಾರೆ, ಮಾನಾಮಿ ಅಮಾಸಿ ಎನ್ನುತ್ತಾರೆ.

ರಜೆ ಬರೆದುಕೊಟ್ಟೆ. ಹೊರಡುವ ಹಿಂದಿನ ದಿನ ಸಾಬವ್ವ ಬಾಗಿಲಲ್ಲಿ ನಿಂತಳು. ಬೋಳು ಹಣೆಯಲ್ಲಿ ಅವಳು ನನ್ನ ಒಡಹುಟ್ಟಿದವಳಂತೆ ಕಾಣುತ್ತಿದ್ದಳು.

"ಅವರಿಗಿ ಮೊದಲ್ನೇ ಎಡಿ. ಪೇಟಿ ಇರಬೇಕಾಗಿತ್ತು. ನೀವು ಊರಿಗಿ ಹೊಂಟೀರಿ, ಹೋಗಿ ಬರ್ರಿ."

ನಾನು ಹೋಗಲಿಲ್ಲ. ಅತ್ತೆಗೆ ರಜೆ ಸಿಗಲಿಲ್ಲ ಎಂದು ತಂತಿ ಕಳಿಸಿದೆ.

ಅಮಾವಾಸ್ಯೆಯ ಮಧ್ಯಾಹ್ನ ಅವಳು ಗಂಡನಿಗೆ ಹೋಳಿಗೆ, ಪುಂಡಿಪಲ್ಲೆ, ರೊಟ್ಟಿ, ಎಲೆಯಡಿಕೆ ಎಲ್ಲ ಇಟ್ಟಳು. ನಾನು ಪದ ಬಾರಿಸಿ ಮುಗಿಸಿದೆ. ಏಳಲು ಹೊರಟಾಗ ಅವಳು ಇನ್ನೊಂದು ತಟ್ಟೆ ತಂದು ಅದರ ಪಕ್ಕ ಇಟ್ಟಳು.

"ನಿಮ್ಮವ್ರಿಗಿ ಏನು ಸೇರತಿತ್ರಿ?"

"ಮುದ್ದೆ," ಎಂದೆ. ತಂದ ರಾಗಿ ಎಂದೋ ಮುಗಿದಿತ್ತು.

"ಜೋಳದ್ದು ನಡೀತದೇನು?" ಎನ್ನುತ್ತಾ ಅವಳು ಆಗಲೇ ತಿರುವಿ ಕಟ್ಟಿಟ್ಟಿದ್ದ ಜೋಳದ ಮುದ್ದೆಯನ್ನು ಬಡಿಸಿದಳು, ಬೇಳೆ ಸಾರು ಹೊಯ್ದಳು. "ಹೆಸರ ಹಿಡಿದು ಕರೀರಿ. ಹೊಸ ಊರು. ಕರೀಲಿಲ್ಲಂದ್ರ ಅವರಿಗಿ ಹ್ಯಾಂಗ ಗೊತ್ತಾಗಬೇಕು?"

ಗಂಡನ ಹೆಸರನ್ನು ನಾನು ಎಷ್ಟು ಅರ್ಜಿಯಲ್ಲಿ ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. ಬಾಯಿಂದ ಒಮ್ಮೆಯೂ ಅಂದವಳಲ್ಲ, ಅನ್ನುವುದು ನಮ್ಮಲ್ಲಿಲ್ಲ. ಸಾಬವ್ವನೂ ಅಂದವಳಲ್ಲ. ಅವಳೇ ಮೊದಲು ಬಾಗಿಲ ಕಡೆ ತಿರುಗಿ ಕರೆದಳು. ಆಮೇಲೆ ನಾನು, "ಪುಟ್ಟಸ್ವಾಮೀ," ಎಂದು ಕರೆದೆ. ದನಿ ಒಡೆಯಿತು. ಇನ್ನೊಂದು ಸಲ ಗಟ್ಟಿಯಾಗಿ ಕರೆದೆ. ತಟ್ಟೆಗಳನ್ನು ಮಾಳಿಗೆಯ ಮೇಲಿಟ್ಟು ಕೆಳಗಿಳಿದು ಬರುವಷ್ಟರಲ್ಲಿ ಕಾಗೆ ಬಂದಿತ್ತು. ಹೋಳಿಗೆ ಮುಟ್ಟಿತು. ಆಮೇಲೆ ಕುಪ್ಪಳಿಸಿ ಮುದ್ದೆಯ ತಟ್ಟೆಗೆ ಬಂತು.

ಮೊನ್ನೆ ಅತ್ತೆಯ ಕಾಗದ ಬಂದಿದೆ. ಕೋಳಿ ಸಾರು, ರಾಗಿ ಮುದ್ದೆ, ಹೊಸ ಪಂಚೆ ಎಲ್ಲ ಇಟ್ಟು ಹೊತ್ತು ಮುಳುಗುವ ತನಕ ಕಾದರಂತೆ. ಈ ಸಲ ಒಂದು ಕಾಗೆಯೂ ಎಡೆ ಮುಟ್ಟಲಿಲ್ಲವಂತೆ. ನನ್ನ ಮಗ ಎಲ್ಲಿ ಹೋದನವ್ವಾ, ನಿನಗೇನಾದರೂ ಗೊತ್ತಾ, ಎಂದು ಕೇಳಿದ್ದಾರೆ. ನಾನಿನ್ನೂ ಉತ್ತರ ಬರೆದಿಲ್ಲ.